ಸಂಸಾರ ವಿಚಾರ: ದಂಪತಿಗಳ ಎರಡು ದಿನದ ಬಿಡುವು

‘ದಂಪತಿ’ ಎಂಬ ಮಾತನ್ನು ನಾವು ಮದುವೆಯ ಕರೆಯೋಲೆಯಲ್ಲಿಯೂ ಆಶೀರ್ವಾದದಲ್ಲಿಯೂ ಧಾರಾಳವಾಗಿ ಬಳಸುತ್ತೇವೆ. ಅದರ ಅರ್ಥವನ್ನು ಮಾತ್ರ ಆಲೋಚಿಸುವುದು ಅಪರೂಪ. ವೇದಕಾಲದ ಭಾಷೆಯಲ್ಲಿ ‘ದಮ್’ ಎಂದರೆ ಮನೆ, ‘ಪತಿ’ ಎಂದರೆ ಒಡೆಯ. ಗಂಡ ಹೆಂಡತಿ ಇಬ್ಬರೂ ಕೂಡಿ ಮನೆಯ ಒಡೆತನವನ್ನು ಹೊತ್ತವರಾದುದರಿಂದ ಆ ಶಬ್ದವನ್ನು ದ್ವಿವಚನದಲ್ಲಿ ಹೇಳುವ ವಾಡಿಕೆ ಬಂದಿತು. ಆದರೆ ಮನೆಯಲ್ಲಿ ಒಂದೆರಡು ಮಕ್ಕಳು ಹುಟ್ಟಿ ಓಡಾಡತೊಡಗಿದ ಮೇಲೆ ಈ ಒಡೆಯರಿಬ್ಬರೂ ಆಳುಗಳಾಗಿಬಿಡುವುದು ಲೋಕದ ರೂಢಿ. ಒಬ್ಬರು ಹಗಲಿನ ಆಳು, ಮತ್ತೊಬ್ಬರು ರಾತ್ರಿಯ ಆಳು. ಇಬ್ಬರೂ ಒಟ್ಟಿಗೆ ಕುಳಿತು ನಾಲ್ಕು ಮಾತನಾಡುವ ಯೋಗ ಮಾತ್ರ ಬರಲೊಲ್ಲದು.

ಸಣ್ಣ ಮಕ್ಕಳಿರುವ ಯಾವ ಮನೆಯಲ್ಲಿಯಾದರೂ ಒಂದು ಸಂಜೆ ಕಿವಿಗೊಟ್ಟು ಕೇಳಿದರೆ ಈ ಮಾತಿನ ನಿಜಸ್ಥಿತಿ ಗೊತ್ತಾಗುವುದು. “ಹಾಲು ಕಾಸಿಟ್ಟಿದೆಯೇ?” “ಮಗುವಿಗೆ ಮೈ ಬಿಸಿಯಾಗಿದೆಯೇನು, ನೋಡಿ.” “ಶಾಲೆಯ ಹಣ ಕಟ್ಟಲು ನಾಳೆ ಕಡೆಯ ದಿನ.” ಇವೆಲ್ಲವೂ ಅವಶ್ಯವಾದ ಮಾತುಗಳೇ. ಆದರೆ ವರ್ಷಗಟ್ಟಲೆ ಇಷ್ಟೇ ಮಾತಾದರೆ, ಒಬ್ಬರ ಮನಸ್ಸಿನಲ್ಲಿ ಏನಿದೆಯೆಂಬುದು ಇನ್ನೊಬ್ಬರಿಗೆ ತಿಳಿಯದೆ ಹೋಗುವುದು. ಜಗಳವೂ ಇರುವುದಿಲ್ಲ, ಸಲಿಗೆಯೂ ಇರುವುದಿಲ್ಲ. ಒಂದೇ ಕಚೇರಿಯಲ್ಲಿ ಕೆಲಸ ಮಾಡುವ ಇಬ್ಬರು ಗುಮಾಸ್ತರಂತೆ ಸಂಸಾರವು ನಡೆದುಕೊಂಡು ಹೋಗುವುದು.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಕ್ಯಾರೊಲಿನ್ ಕೋವನ್ ಮತ್ತು ಫಿಲಿಪ್ ಕೋವನ್ ಎಂಬ ವಿದ್ವಾಂಸ ದಂಪತಿಗಳು ಚೊಚ್ಚಲ ಮಗುವಿನ ನಿರೀಕ್ಷೆಯಲ್ಲಿದ್ದ ಕುಟುಂಬಗಳನ್ನು ಹಲವು ವರ್ಷಗಳವರೆಗೆ ಗಮನಿಸಿ ತಮ್ಮ ಅನುಭವವನ್ನು ೧೯೯೨ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಮಗು ಹುಟ್ಟಿದ ಮೇಲೆ ಅನೇಕ ದಂಪತಿಗಳಲ್ಲಿ ದಾಂಪತ್ಯದ ತೃಪ್ತಿಯು ಇಳಿಮುಖವಾಗುವುದೆಂದೂ, ಮನೆಗೆಲಸದ ಹಂಚಿಕೆಯು ಅವರ ಮನಸ್ತಾಪಕ್ಕೆ ಮುಖ್ಯವಾದ ಒಂದು ಕಾರಣವೆಂದೂ ಅವರು ಕಂಡುಕೊಂಡರು. ತಾಯ್ತಂದೆಗಳ ನಡುವಣ ಸಂಬಂಧವು ಹೇಗಿರುವುದೋ ಅದರ ನೆರಳು ಮಕ್ಕಳ ಮೇಲೆಯೂ ಬೀಳುವುದೆಂಬುದು ಅವರ ಇನ್ನೊಂದು ಸಿದ್ಧಾಂತ. ಆದುದರಿಂದ ಗಂಡಹೆಂಡಿರು ತಮ್ಮ ಸ್ನೇಹವನ್ನು ಕಾಪಾಡಿಕೊಳ್ಳುವುದು ಸ್ವಾರ್ಥವಲ್ಲ. ಅದೂ ಮಕ್ಕಳ ಪೋಷಣೆಯ ಒಂದು ಭಾಗವೇ ಸರಿ.

ಹೀಗಿರಲು, ವರ್ಷಕ್ಕೊಮ್ಮೆಯಾದರೂ ದಂಪತಿಗಳು ಮಕ್ಕಳನ್ನು ನಂಬಿಕೆಯವರ ವಶದಲ್ಲಿ ಬಿಟ್ಟು, ಹತ್ತಿರದ ಒಂದು ನಗರಕ್ಕೆ ಹೋಗಿ, ಶನಿವಾರ ಭಾನುವಾರಗಳನ್ನು ತಾವಿಬ್ಬರೇ ಕಳೆದು ಬಂದರೆ ತಪ್ಪೇನು ಎಂಬ ಪ್ರಶ್ನೆಯು ಏಳುವುದು. ನಮ್ಮ ಮನೆಗಳಲ್ಲಿ ಈ ಮಾತನ್ನು ಎತ್ತಿದರೆ ಮೊದಲು ಬರುವ ಉತ್ತರವು ಎಲ್ಲರಿಗೂ ಗೊತ್ತಿದೆ: “ಮಕ್ಕಳನ್ನು ಬಿಟ್ಟು ವಿಹಾರಕ್ಕೆ ಹೊರಡುವ ತಾಯಿಯೂ ಉಂಟೇ!” ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ತಂದೆಯು ಕಚೇರಿಯ ಕೆಲಸದ ಮೇಲೆ ತಿಂಗಳಿಗೆ ನಾಲ್ಕು ದಿನ ಊರೂರು ಸುತ್ತಿದರೂ ಮಕ್ಕಳನ್ನು ಬಿಟ್ಟು ಹೋದನೆಂದು ಅವನನ್ನು ಯಾರೂ ಆಡುವುದಿಲ್ಲ. ತಾಯಿಯು ಒಂದು ರಾತ್ರಿ ಮನೆಯಿಂದ ಹೊರಗಿದ್ದರೆ ಮಾತ್ರ ಆಕ್ಷೇಪವು ಹುಟ್ಟುವುದು. ಆಕ್ಷೇಪವು ಮಕ್ಕಳ ಹಿತಕ್ಕಾಗಿ ಹುಟ್ಟಿದ್ದಾದರೆ ಇಬ್ಬರಿಗೂ ಸಮನಾಗಿ ಅನ್ವಯಿಸಬೇಕಾಗಿತ್ತು. ಹಾಗಿಲ್ಲದಿರುವಾಗ ಅದರಲ್ಲಿ ರೂಢಿಯ ಪಾಲೆಷ್ಟು, ಹಿತದ ಪಾಲೆಷ್ಟು ಎಂದು ತೂಗಿ ನೋಡುವುದು ಯುಕ್ತ.

ಹಿತದ ಪಾಲು ಇಲ್ಲವೇ ಇಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಎಳೆಯ ಮಕ್ಕಳಿಗೆ ತಾಯ್ತಂದೆಗಳ ಅಗಲಿಕೆಯು ನಿಜವಾದ ದುಃಖ. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು ೧೯೫೨ರಲ್ಲಿ ಒಂದು ಚಲನಚಿತ್ರವನ್ನು ತೆಗೆದರು. ಎರಡು ವರ್ಷ ಐದು ತಿಂಗಳಿನ ಒಂದು ಹೆಣ್ಣು ಕೂಸು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಕಥೆ ಅದು. ಆ ಕಾಲದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ಹೆತ್ತವರಿಗೆ ಹೆಚ್ಚಿನ ಅವಕಾಶವಿರಲಿಲ್ಲ. ಮಗು ಅಳದೆ ಸುಮ್ಮನಿದ್ದರೆ ಅದು ಹೊಂದಿಕೊಂಡಿತೆಂದೇ ದಾದಿಯರು ಭಾವಿಸುತ್ತಿದ್ದರು. ಆ ಮೌನವು ನೆಮ್ಮದಿಯಲ್ಲ, ನಿರಾಶೆ ಎಂಬುದನ್ನು ಚಿತ್ರವು ತೋರಿಸಿಕೊಟ್ಟಿತು. ೧೯೫೯ರಲ್ಲಿ ಅಲ್ಲಿನ ಸರಕಾರಕ್ಕೆ ಸಲ್ಲಿಸಲ್ಪಟ್ಟ ಪ್ಲಾಟ್ ಸಮಿತಿಯ ವರದಿಯು, ತಾಯ್ತಂದೆಗಳು ಬೇಕಾದಾಗ ಬಂದು ಮಕ್ಕಳನ್ನು ನೋಡಲು ಆಸ್ಪತ್ರೆಗಳಲ್ಲಿ ಅವಕಾಶವಿರಬೇಕೆಂದು ಶಿಫಾರಸು ಮಾಡಿತು.

ಅದೇ ರಾಬರ್ಟ್‌ಸನ್ನರು ತಮ್ಮ ಪತ್ನಿಯಾದ ಜಾಯ್ಸ್ ಅವರೊಡನೆ ಕೂಡಿ ಮುಂದೆ ಮಾಡಿದ ಕೆಲಸವು ನಮ್ಮ ಇಂದಿನ ವಿಷಯಕ್ಕೆ ಇನ್ನೂ ಹತ್ತಿರವಾದುದು. ತಾಯಂದಿರು ಎರಡನೆಯ ಹೆರಿಗೆಗೆ ಹೋದಾಗ ಕೆಲವು ಎಳೆಯ ಮಕ್ಕಳನ್ನು ಒಬ್ಬೊಬ್ಬರಾಗಿ ಅವರು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ಸಾಕಿದರು. ಅಗಲಿಕೆಗೆ ಮುಂಚೆಯೇ ಆ ಮಗು ಆ ಮನೆಗೆ ಬಂದು ಹೋಗಿ ಪರಿಚಯ ಮಾಡಿಕೊಂಡಿರುತ್ತಿತ್ತು. ತನ್ನ ಹೊದಿಕೆ, ತನ್ನ ಆಟಿಕೆ, ತಾಯಿಯ ಭಾವಚಿತ್ರಗಳನ್ನು ಜೊತೆಗೆ ತರುತ್ತಿತ್ತು. ಒಬ್ಬಳೇ ಹೆಂಗಸು ಅದರ ಎಲ್ಲ ಬೇಕುಬೇಡಗಳನ್ನು ನೋಡುತ್ತಿದ್ದಳು. ಹೀಗೆ ಹತ್ತು ದಿನ ಇದ್ದ ಹದಿನೇಳು ತಿಂಗಳ ಮಗುವೊಂದು ತಾಯಿಗಾಗಿ ಹಂಬಲಿಸಿದರೂ ಕುಗ್ಗಿ ಹೋಗಲಿಲ್ಲ. ಅದೇ ವಯಸ್ಸಿನ ಮತ್ತೊಂದು ಮಗುವನ್ನು ಒಂಬತ್ತು ದಿನ ಶಿಶುಪಾಲನ ಗೃಹದಲ್ಲಿ ಬಿಡಲಾಗಿತ್ತು. ಅಲ್ಲಿಯ ದಾದಿಯರು ಒಳ್ಳೆಯವರೇ. ಆದರೆ ಹೊತ್ತಿಗೊಬ್ಬರು ಬದಲಾಗುತ್ತಿದ್ದರು. ಆ ಮಗುವು ದಿನದಿನಕ್ಕೆ ಊಟವನ್ನೂ ಆಟವನ್ನೂ ಬಿಟ್ಟು, ತಾಯಿ ಬಂದಾಗ ಅವಳ ಕಡೆ ತಿರುಗಿ ನೋಡಲೂ ಒಲ್ಲದಾಯಿತು.

ಇದರಿಂದ ಗ್ರಹಿಸತಕ್ಕ ತಾತ್ಪರ್ಯವೇನೆಂದರೆ: ಮಗುವನ್ನು ಘಾಸಿಗೊಳಿಸುವುದು ಅಗಲಿಕೆಯೊಂದೇ ಅಲ್ಲ, ಅಗಲಿಕೆಯ ಕಾಲದಲ್ಲಿ ತನ್ನವರೆಂಬವರು ಯಾರೂ ಇಲ್ಲದಿರುವುದು ಅದಕ್ಕಿಂತ ಮಿಗಿಲಾದ ಗಾಯ. ದಿನಬೆಳಗಾದರೆ ಕಾಣುವ ಅಜ್ಜಿಯ ಮಡಿಲಿನಲ್ಲಿ ಒಂದು ರಾತ್ರಿ ಮಲಗಿದ ಮಗುವಿಗೂ, ಗುರುತಿಲ್ಲದವರ ನಡುವೆ ಒಂಬತ್ತು ರಾತ್ರಿ ಕಳೆದ ಮಗುವಿಗೂ ಹೋಲಿಕೆಯೇ ಇಲ್ಲ. ಅಜ್ಜಿ, ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮ ಎಂಬ ಬಳಗವು ನಮ್ಮಲ್ಲಿ ಇನ್ನೂ ಪೂರಾ ಅಳಿದುಹೋಗಿಲ್ಲವಾದುದರಿಂದ, ಇಂಗ್ಲೆಂಡಿನವರು ಪ್ರಯೋಗ ಮಾಡಿ ಕಂಡುಕೊಂಡದ್ದು ನಮ್ಮ ಅನೇಕ ಮನೆಗಳಲ್ಲಿ ಸಹಜವಾಗಿಯೇ ಒದಗಿರುವ ಭಾಗ್ಯ.

ಈಗ ಒಂದು ನಿದರ್ಶನವನ್ನು ಹೇಳಬಹುದು. ಹಾಸನದಲ್ಲಿರುವ ನಮ್ಮ ಪರಿಚಿತರಾದ ಒಬ್ಬ ಉಪಾಧ್ಯಾಯರಿಗೂ ಅವರ ಪತ್ನಿಗೂ ಐದು ವರ್ಷದ ಮಗಳೂ ಎರಡೂವರೆ ವರ್ಷದ ಮಗನೂ ಇದ್ದಾರೆ. ಮನೆಯಲ್ಲಿ ಉಪಾಧ್ಯಾಯರ ತಾಯಿಯವರಿರುವರು. ಮದುವೆಯಾಗಿ ಏಳು ವರ್ಷಗಳಾದರೂ, ಮಗಳು ಹುಟ್ಟಿದ ಮೇಲೆ ಗಂಡಹೆಂಡಿರು ತಾವಿಬ್ಬರೇ ಎಲ್ಲಿಗೂ ಹೋದುದಿಲ್ಲ. ಮೈಸೂರಿಗೆ ಒಂದು ರಾತ್ರಿಯ ಮಟ್ಟಿಗೆ ಹೋಗಿ ಬರೋಣವೆಂಬ ಮಾತು ಬಂದಾಗ ಆ ತಾಯಿಯು ಹಿಂದೆಗೆದರು. ಬಂಧುಗಳಲ್ಲಿ ಹಿರಿಯರೊಬ್ಬರು ಆಡಬಾರದ ಮಾತನ್ನೂ ಆಡಿದರು. ಕಡೆಗೆ ತೀರ್ಮಾನವನ್ನು ಹೇಳಿದವರು ಅತ್ತೆಯವರು: “ನಿನ್ನ ಮಾವನವರು ಇದ್ದಾಗ ನಾವಿಬ್ಬರೇ ಊರು ಬಿಟ್ಟು ಹೋದದ್ದು ಒಂದೇ ಸಲ ಕಣಮ್ಮ, ಅದೂ ಅವರನ್ನು ದೊಡ್ಡಾಸ್ಪತ್ರೆಗೆ ಸೇರಿಸುವುದಕ್ಕೆ. ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಹೋಗಿ ಬನ್ನಿ.” ಈ ಮಾತಿನ ಮೇಲೆ ಇನ್ನಾರೂ ಬಾಯೆತ್ತಲಿಲ್ಲವಂತೆ.

ಶನಿವಾರ ಬೆಳಿಗ್ಗೆ ಹೊರಡುವಾಗ ಮಕ್ಕಳ ಕಣ್ಣು ತಪ್ಪಿಸಿ ಹಿತ್ತಿಲ ಬಾಗಿಲಿನಿಂದ ಹೋಗಬೇಕೆಂದು ನೆರೆಯವರು ಸಲಹೆ ಮಾಡಿದರು. ಆ ದಂಪತಿಗಳು ಅದನ್ನು ಒಪ್ಪದೆ, ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, “ಒಂದು ರಾತ್ರಿ ಅಜ್ಜಿಯ ಹತ್ತಿರ ಮಲಗಿ ಏಳಿ. ನಾಳೆ ಸಂಜೆ ಅಜ್ಜಿ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ನಾವು ಬಂದಿರುತ್ತೇವೆ” ಎಂದು ತಿಳಿಯಹೇಳಿದರು. ಕಿರಿಯವನು ಅತ್ತನು. ಅತ್ತರೂ ಹೇಳಿಯೇ ಹೋಗಬೇಕೆಂಬುದು ಸರಿಯಾದ ಕ್ರಮ. ಕಣ್ಣು ತಪ್ಪಿಸಿ ಹೋದರೆ ಆ ಹೊತ್ತಿನ ಅಳು ತಪ್ಪಬಹುದು. ಆದರೆ ತಾಯಿ ಯಾವ ಗಳಿಗೆಯಲ್ಲಿ ಮಾಯವಾಗುವಳೋ ಎಂಬ ಸಂಶಯವು ಮಗುವಿನ ಮನಸ್ಸಿನಲ್ಲಿ ಉಳಿದು, ಮುಂದೆ ಅವಳು ನೀರಿಗೆ ಹೋದರೂ ಸೆರಗು ಹಿಡಿಯುವುದು.

ಹಾಸನದಿಂದ ಮೈಸೂರಿಗೆ ಸುಮಾರು ೧೨೦ ಕಿಲೋಮೀಟರು. ರೈಲುಗಾಡಿಯು ಹೊಳೆನರಸೀಪುರ, ಕೃಷ್ಣರಾಜನಗರಗಳ ಮೇಲೆ ಹಾದು, ಸಾಗರಕಟ್ಟೆಯ ಬಳಿಯಲ್ಲಿ ಕನ್ನಂಬಾಡಿಯ ಹಿನ್ನೀರನ್ನು ದಾಟುವುದು. ಆ ಸೇತುವೆಯ ವರೆಗೂ ಇಬ್ಬರೂ ಮಾತನಾಡಿದ್ದು ಮಕ್ಕಳ ವಿಷಯವೊಂದನ್ನೇ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಐದು ವರ್ಷ ನೊಗ ಹೊತ್ತ ಎತ್ತಿಗೆ ನೊಗವನ್ನು ಇಳಿಸಿದರೂ ಕತ್ತು ಬಾಗಿಯೇ ಇರುವುದು. ಹೊರಟ ಮೊದಲ ಕೆಲವು ಗಂಟೆಗಳಲ್ಲಿ ಬಿಡುವಿನ ಸುಖವು ತೋರದಿದ್ದರೆ ದಂಪತಿಗಳು ನಿರಾಶರಾಗಬಾರದು.

ಮೈಸೂರಿನಲ್ಲಿ ಅವರು ರೈಲು ನಿಲ್ದಾಣಕ್ಕೆ ಸಮೀಪವಾದ ಒಂದು ಸಾಧಾರಣ ವಸತಿಗೃಹದಲ್ಲಿ ಇಳಿದುಕೊಂಡರು. ಮಧ್ಯಾಹ್ನ ಜಗನ್ಮೋಹನ ಅರಮನೆಯನ್ನು ನೋಡಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೬೧ರಲ್ಲಿ ಕಟ್ಟಲ್ಪಟ್ಟ ಆ ಅರಮನೆಯು ೧೯೧೫ರಿಂದ ಚಿತ್ರಶಾಲೆಯಾಗಿದೆ. ರವಿವರ್ಮನ ಚಿತ್ರಗಳಲ್ಲದೆ, ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಪ್ರಸಿದ್ಧವಾದ ಚಿತ್ರವೂ ಅಲ್ಲಿಯದೇ. ಅದನ್ನು ಅನೇಕರು ರವಿವರ್ಮನದೆಂದು ತಿಳಿದಿರುವರು, ಬರೆದವರು ಎಸ್. ಎಲ್. ಹಲ್ದಣಕರ್. ಕೂಸುಗಳನ್ನು ಎತ್ತಿಕೊಂಡು ಚಿತ್ರಶಾಲೆಗೆ ಹೋದವರಿಗೆ ಗೊತ್ತು, ಒಂದು ಚಿತ್ರದ ಮುಂದೆ ಐದು ನಿಮಿಷ ನಿಲ್ಲುವುದು ಎಂಥ ಅಪೂರ್ವವಾದ ಸಂಗತಿಯೆಂದು. ಬಳಿಕ ದೇವರಾಜ ಮಾರುಕಟ್ಟೆಯಲ್ಲಿ ಸುತ್ತಾಡಿ, ಮಲ್ಲಿಗೆಯ ದಂಡೆಯೊಂದನ್ನೂ ವೀಳ್ಯದೆಲೆಯ ಒಂದು ಕಟ್ಟನ್ನೂ ಕೊಂಡರು. ‘ಮೈಸೂರು ಮಲ್ಲಿಗೆ’ ಎಂದರೆ ಹೂವು ಮಾತ್ರವಲ್ಲದೆ, ಕೆ. ಎಸ್. ನರಸಿಂಹಸ್ವಾಮಿಯವರ ೧೯೪೨ರ ಕವನಸಂಗ್ರಹವೂ ಕನ್ನಡಿಗರ ನೆನಪಿಗೆ ಬರುವುದಷ್ಟೆ. ಮದುವೆಯಾದ ಗಂಡಹೆಂಡಿರ ಪ್ರೇಮವನ್ನೇ ಕಾವ್ಯದ ವಸ್ತುವಾಗಿ ಮಾಡಿಕೊಂಡ ಆ ಸಣ್ಣ ಪುಸ್ತಕವು ಮನೆಮನೆಯ ಮಾತಾದುದನ್ನು ನೆನೆದರೆ, ದಾಂಪತ್ಯದ ಸರಸವು ನಮ್ಮ ಜನಕ್ಕೆ ಪರದೇಶದಿಂದ ಬಂದ ಪದಾರ್ಥವೇನೂ ಅಲ್ಲವೆಂದು ತಿಳಿಯುವುದು.

ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಆ ಪ್ರಯಾಣದ ಮುಖ್ಯವಾದ ಘಟನೆಯು ನಡೆಯಿತು. ಉಪಾಧ್ಯಾಯರು ತಂಗಿಯ ಮದುವೆಗೆಂದು ಹೆಂಡತಿಗೆ ತಿಳಿಸಿದುದಕ್ಕಿಂತ ಹೆಚ್ಚಾಗಿ ಸಾಲ ಮಾಡಿದ್ದರು. ತಿಂಗಳ ಸಂಬಳದ ಒಂದು ದೊಡ್ಡ ಪಾಲು ಕಂತಿಗೇ ಹೋಗುತ್ತಿತ್ತು. ಎರಡು ವರ್ಷದಿಂದ ಹೇಳಬೇಕೆಂದಿದ್ದರೂ ಮನೆಯಲ್ಲಿ ಅದಕ್ಕೆ ಸಮಯವೂ ಏಕಾಂತವೂ ಒದಗಿರಲಿಲ್ಲ. ನಿಜ ಹೇಳಬೇಕಾದರೆ ಧೈರ್ಯವೂ ಒದಗಿರಲಿಲ್ಲ. ಆ ಸಂಜೆ ಹೇಳಿದರು. ಆಕೆಯು ಕೇಳಿ ಅರ್ಧ ಗಂಟೆ ಒಂದು ಮಾತನ್ನೂ ಆಡದೆ ನಡೆದರಂತೆ. ಬಳಿಕ, “ಸಾಲ ಮಾಡಿದ್ದಕ್ಕೆ ನನಗೆ ಕೋಪವಿಲ್ಲ. ತಿಂಗಳ ಕೊನೆಗೆ ನಾನು ಕೈ ಬಿಗಿ ಹಿಡಿಯಲಿಲ್ಲವೆಂದು ನೀವು ಗೊಣಗಿದಿರಲ್ಲ, ಅದಕ್ಕೆ ಕೋಪ” ಎಂದರಂತೆ. ಆ ಮಾತಿನ ಹಿಂದೆಯೇ ಆಕೆಯೂ ತನ್ನ ಮನಸ್ಸಿನಲ್ಲಿದ್ದುದನ್ನು ಹೊರಗಿಟ್ಟರು: ಮಗಳು ಹುಟ್ಟಿದಾಗ ಬಿಟ್ಟ ಬಿ.ಎಡ್. ಓದನ್ನು ಮತ್ತೆ ಹಿಡಿದು ಮುಗಿಸಬೇಕೆಂಬ ಆಸೆ. ಅತ್ತೆಯವರು ಏನೆನ್ನುವರೋ, ಗಂಡನು ಏನೆನ್ನುವನೋ ಎಂದು ಅದನ್ನು ನುಂಗಿಕೊಂಡಿದ್ದರು.

ಇವೆರಡರಲ್ಲಿ ಯಾವುದೂ ಹೊಸದಾಗಿ ಹುಟ್ಟಿದ ಮಾತಲ್ಲ. ಎರಡೂ ಆ ಮನೆಯಲ್ಲಿಯೇ, ಒಂದೇ ಸೂರಿನ ಕೆಳಗೆ, ಎರಡು ವರ್ಷ ಬಾಯಿ ಬಿಡದೆ ಕುಳಿತಿದ್ದುವು. ನಡುವೆ ಒಂದು ಮಗು ಅಳದಿರುವ, ಇನ್ನೊಂದು ಮಗು ಕರೆಯದಿರುವ ಒಂದು ಗಂಟೆಯ ಕಾಲವು ಬೇಕಾಗಿತ್ತು. ದಂಪತಿಗಳ ಬಿಡುವು ಎಂದರೆ ವಿಲಾಸವೆಂದು ಹೀಗಳೆಯುವವರು ಇದನ್ನು ಆಲೋಚಿಸಬೇಕು. ಬಿಡುವಿನಲ್ಲಿ ನಗುವೂ ಉಂಟು, ಮುನಿಸೂ ಉಂಟು. ಹೇಳದೆ ಉಳಿದುದನ್ನು ಹೇಳಿ ಹಗುರಾಗುವುದೇ ಅದರ ದೊಡ್ಡ ಲಾಭ.

ಭಾನುವಾರ ನಸುಕಿನಲ್ಲಿ ಅವರು ಚಾಮುಂಡಿಬೆಟ್ಟವನ್ನು ಮೆಟ್ಟಿಲುಗಳ ಮೇಲೆ ಹತ್ತಿದರು. ಸುಮಾರು ಸಾವಿರ ಮೆಟ್ಟಿಲುಗಳ ಆ ದಾರಿಯಲ್ಲಿ, ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಂಡರಿಸಿದ ಏಕಶಿಲೆಯ ನಂದಿಯ ಮುಂದೆ ಕುಳಿತು ದಣಿವಾರಿಸಿಕೊಳ್ಳಬಹುದು. ಇಳಿದು ಬಂದ ಮೇಲೆ ದೊಡ್ಡ ಅರಮನೆ. ಹಳೆಯ ಮರದ ಅರಮನೆಯು ೧೮೯೭ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ತುತ್ತಾದ ಮೇಲೆ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ ಎಂಬ ಶಿಲ್ಪಿಗೆ ಹೊಸದನ್ನು ಕಟ್ಟುವ ಕೆಲಸವನ್ನು ಒಪ್ಪಿಸಿದರು; ಅದು ೧೯೧೨ರಲ್ಲಿ ಪೂರ್ತಿಯಾಯಿತು. ಮೃಗಾಲಯಕ್ಕೆ ಮಾತ್ರ ಅವರು ಹೋಗಲಿಲ್ಲ. ೧೮೯೨ರಲ್ಲಿ ಸ್ಥಾಪಿತವಾದ ಆ ಮೃಗಾಲಯವನ್ನು ಮಕ್ಕಳೊಡನೆ ನೋಡುವುದೇ ಚೆಂದವೆಂದು, ದಸರಾ ರಜಕ್ಕೆ ಉಳಿಸಿಕೊಂಡರು. ಇದು ಒಳ್ಳೆಯ ವಿವೇಕ. ಮಕ್ಕಳಿಗೆ ಪ್ರಿಯವಾದುದನ್ನು ಅವರನ್ನು ಬಿಟ್ಟು ನೋಡಿದರೆ ಮನಸ್ಸು ಚುಚ್ಚುವುದು. ಅವರಿಗೆ ಬೇಸರವಾಗುವುದನ್ನು ನೋಡಲು ಇದೇ ಸಮಯ.

ಭಾನುವಾರ ಸಂಜೆ ಏಳರ ಸುಮಾರಿಗೆ ಮೈಸೂರಿನ ಅರಮನೆಗೆ ದೀಪಾಲಂಕಾರವಾಗುವುದೆಂಬುದು ಸರ್ವರಿಗೂ ತಿಳಿದದ್ದೇ. ೯೦,೦೦೦ಕ್ಕೆ ಮಿಗಿಲಾದ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವ ಆ ನೋಟಕ್ಕಾಗಿ ದೂರದೂರದಿಂದ ಜನರು ಬರುವರು. ಉಪಾಧ್ಯಾಯರಿಗೆ ಅದನ್ನು ನೋಡಿಯೇ ಹೋಗಬೇಕೆಂಬ ಆಸೆ. ಆದರೆ ಅಜ್ಜಿ ದೀಪ ಹಚ್ಚುವ ಹೊತ್ತಿಗೆ ಬರುವೆವೆಂದು ಮಕ್ಕಳಿಗೆ ಮಾತು ಕೊಟ್ಟಾಗಿತ್ತು. ಮಧ್ಯಾಹ್ನ ಮೂರರ ಸರಕಾರೀ ಬಸ್ಸಿನಲ್ಲಿ ಹೊರಟು ಹೊತ್ತು ಮುಳುಗುವ ಮುನ್ನವೇ ಮನೆ ಸೇರಿದರು. ಅರಮನೆಯ ದೀಪಗಳು ಮುಂದಿನ ಭಾನುವಾರವೂ ಹೊತ್ತುವುವು. ಕೊಟ್ಟ ಮಾತಿಗೆ ತಾಯ್ತಂದೆಗಳು ತಪ್ಪುವುದಿಲ್ಲವೆಂಬ ನಂಬಿಕೆಯನ್ನು ಎಳೆಯ ಮನಸ್ಸಿನಲ್ಲಿ ಹೊತ್ತಿಸುವ ಅವಕಾಶವು ಅಷ್ಟು ಸುಲಭವಾಗಿ ಮರಳಿ ಬಾರದು.

ಮಗಳು ಓಡಿ ಬಂದು ತಂದೆಯನ್ನು ಅಪ್ಪಿಕೊಂಡಳು. ಕಿರಿಯವನು ತಾಯಿಯನ್ನು ಕಂಡು ಮುಖ ತಿರುಗಿಸಿಕೊಂಡು ಅಜ್ಜಿಯ ತೊಡೆಯೇರಿದನು. ಆ ತಾಯಿಗೆ ಎದೆ ಹಿಂಡಿದಂತಾಯಿತು. ಇಂಥ ಸಮಯದಲ್ಲಿ ತಾಯಂದಿರು, “ಇನ್ನೆಂದೂ ಬಿಟ್ಟು ಹೋಗಲಾರೆ” ಎಂದು ಪ್ರತಿಜ್ಞೆ ಮಾಡುವುದುಂಟು. ಅದು ಬೇಡ. ಮಗುವು ತನ್ನ ಮುನಿಸನ್ನು ತನಗೆ ತಿಳಿದ ರೀತಿಯಲ್ಲಿ ತೋರಿಸುತ್ತಿದೆ. ಮುನಿಸು ತೋರಿಸುವುದು ತನ್ನವರಲ್ಲಿ ಮಾತ್ರವಷ್ಟೆ. ಬಲವಂತವಾಗಿ ಎಳೆದುಕೊಳ್ಳದೆ, ಗದರಿಸದೆ, ಹತ್ತಿರದಲ್ಲಿ ಸುಮ್ಮನೆ ಕುಳಿತಿದ್ದರೆ ಅದು ತಾನಾಗಿ ಬರುವುದು. ಆ ಹುಡುಗನು ರಾತ್ರಿಯ ಊಟದ ಹೊತ್ತಿಗೆ ತಾಯಿಯ ಬಳಿಗೆ ಬಂದನು. ಬಂದವನು ಎರಡು ದಿನ ಅವಳ ಬೆನ್ನು ಬಿಡಲಿಲ್ಲ. ಇದೂ ಸಹಜವೇ.

ಇನ್ನು ಇಂಥ ಬಿಡುವನ್ನು ಯೋಚಿಸುವ ಗೃಹಸ್ಥರು ಗಮನದಲ್ಲಿಡತಕ್ಕ ಕೆಲವು ಸಂಗತಿಗಳನ್ನು ಹೇಳಿ ಮುಗಿಸುವೆವು.

ಮೊದಲನೆಯದು ಮಗುವಿನ ವಯಸ್ಸು. ಆರು ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲೊಂದೇ ಆಹಾರವಾಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಕಾಲದಲ್ಲಿ ತಾಯಿಯು ಕೂಸನ್ನು ಬಿಟ್ಟು ರಾತ್ರಿ ಹೊರಗಿರುವ ಯೋಚನೆಯು ಸಲ್ಲದು. ಸುಮಾರು ಎಂಟು ತಿಂಗಳಿನಿಂದ ಒಂದೂವರೆ ವರ್ಷದ ವರೆಗೆ ಅಗಲಿಕೆಯ ಅಂಜಿಕೆಯು ಮಕ್ಕಳಲ್ಲಿ ಪ್ರಬಲವಾಗಿರುವುದರಿಂದ, ಆದಷ್ಟು ಆ ಅವಧಿಯನ್ನೂ ಕಳೆಯಗೊಡುವುದು ಮೇಲು. ಮಗುವಿಗೆ ಕಾಯಿಲೆಯಿರುವಾಗ, ಶಾಲೆಗೆ ಹೊಸದಾಗಿ ಸೇರಿದಾಗ, ತಮ್ಮನೋ ತಂಗಿಯೋ ಹುಟ್ಟಿದ ಹೊಸತರಲ್ಲಿ ಹೊರಡಬಾರದು. ಮೊದಲು ಒಂದು ಸಂಜೆ, ಆಮೇಲೆ ಒಂದು ಪೂರ್ತಿ ಹಗಲು, ಬಳಿಕ ಒಂದು ರಾತ್ರಿ—ಹೀಗೆ ಕ್ರಮವಾಗಿ ಅಭ್ಯಾಸ ಮಾಡಿಸುವುದು ಒಳ್ಳೆಯದು. ಮಕ್ಕಳನ್ನು ಅಜ್ಜಿಯ ಮನೆಗೆ ಕಳುಹಿಸುವುದಕ್ಕಿಂತ, ಸಾಧ್ಯವಾದರೆ ಅಜ್ಜಿಯನ್ನೇ ಮಕ್ಕಳ ಮನೆಗೆ ಕರೆಸುವುದು ಉತ್ತಮ. ಆಗ ಹಾಸಿಗೆ, ತಟ್ಟೆ, ಅಂಗಳಗಳು ಬದಲಾಗುವುದಿಲ್ಲ.

ಎರಡನೆಯದು ಮನೆಯ ಸಿದ್ಧತೆ. ಒಂದು ಕಾಗದದಲ್ಲಿ ವೈದ್ಯರ ದೂರವಾಣಿ, ನೆರೆಯವರ ದೂರವಾಣಿ, ತಾವು ಇಳಿದುಕೊಳ್ಳುವ ಸ್ಥಳ, ಮಗುವಿಗೆ ಒಗ್ಗದ ಆಹಾರ ಮತ್ತು ಔಷಧಗಳ ಹೆಸರು—ಇವನ್ನು ದಪ್ಪ ಅಕ್ಷರದಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಬೇಕು. ಆಂಬುಲೆನ್ಸಿಗೆ ೧೦೮, ಇತರ ತುರ್ತಿಗೆ ೧೧೨ ಎಂಬುದನ್ನೂ ಬರೆಯಬೇಕು. ಜ್ವರದ ಔಷಧಿಯ ಪ್ರಮಾಣವು ಮಗುವಿನ ತೂಕವನ್ನು ಅನುಸರಿಸುವುದರಿಂದ, ಅದನ್ನು ವೈದ್ಯರಿಂದಲೇ ಬರೆಯಿಸಿಟ್ಟಿರಬೇಕು. ಅಂದಾಜಿನ ಮೇಲೆ ಕೊಡುವುದು ಅಪಾಯ. ಭೇದಿಯಾದರೆ ಕೊಡಲು ಓ.ಆರ್.ಎಸ್. ಪೊಟ್ಟಣಗಳು ಮನೆಯಲ್ಲಿರಲಿ, ಪೊಟ್ಟಣದ ಮೇಲೆ ಹೇಳಿದಷ್ಟೇ ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಬೇಕೆಂಬುದನ್ನು ಅಜ್ಜಿಗೆ ತಿಳಿಸಿರಬೇಕು. ನೀರಿನ ತೊಟ್ಟಿಯ ಮುಚ್ಚಳ, ಬಚ್ಚಲ ಬಿಸಿನೀರು, ಮಾಳಿಗೆಯ ಬಾಗಿಲು—ಇವನ್ನು ಹೊರಡುವ ಮುಂಚೆ ಗಂಡನು ತಾನೇ ಒಮ್ಮೆ ನೋಡಿ ಬರಲಿ. ಸಿದ್ಧತೆಯ ಭಾರವೆಲ್ಲವೂ ಹೆಂಡತಿಯ ಮೇಲೆ ಬಿದ್ದರೆ ಅವಳಿಗೆ ಬಿಡುವು ಸಿಕ್ಕಿತೆಂದು ಹೇಳಲಾಗದು.

ಮೂರನೆಯದು ದೂರವಾಣಿ. ದಿನಕ್ಕೆ ಎರಡು ಸಲ, ಗೊತ್ತಾದ ವೇಳೆಯಲ್ಲಿ ಮಾತನಾಡಿದರೆ ಸಾಕು. ಗಂಟೆಗೊಮ್ಮೆ ಕರೆದು, “ತಿಂದನೇ? ಮಲಗಿದನೇ?” ಎಂದು ಕೇಳಿದರೆ ಅಜ್ಜಿಯ ಯೋಗ್ಯತೆಯಲ್ಲಿ ನಂಬಿಕೆಯಿಲ್ಲವೆಂದು ಹೇಳಿದಂತಾಗುವುದು. ತಾಯಿಯ ಮುಖವನ್ನು ದೂರವಾಣಿಯ ಪರದೆಯಲ್ಲಿ ಕಂಡು ಕೆಲವು ಮಕ್ಕಳು ಸಮಾಧಾನಗೊಳ್ಳುವರು, ಕೆಲವರು ಹೊಸದಾಗಿ ಅಳತೊಡಗುವರು. ತೋರಿಸಬೇಕೋ ಬೇಡವೋ ಎಂಬುದನ್ನು ಮಗುವಿನ ಬಳಿಯಲ್ಲಿರುವವರ ವಿವೇಕಕ್ಕೇ ಬಿಡತಕ್ಕದ್ದು.

ನಾಲ್ಕನೆಯದು, ಮತ್ತು ಬಹಳ ಜನ ಮರೆಯುವಂಥದು, ಅಜ್ಜಿಯ ಹಕ್ಕು. ಮೊಮ್ಮಕ್ಕಳ ಮೇಲಿನ ಪ್ರೀತಿಯೇ ಬೇರೆ, ಮಂಡಿನೋವಿರುವ ಮುದುಕಿಯು ಎರಡು ದಿನ ಓಡುವ ಮಗುವಿನ ಹಿಂದೆ ಓಡುವುದೇ ಬೇರೆ. ಆಕೆಯನ್ನು ಕೇಳಬೇಕು, ತಿಳಿಸಿದರೆ ಸಾಲದು. ಆಗದು ಎಂದರೆ ಮುಖ ಗಂಟಿಕ್ಕದೆ ಒಪ್ಪಿಕೊಳ್ಳಬೇಕು. ಎರಡು ದಿನದ ಅಡಿಗೆಗೆ ಬೇಕಾದುದನ್ನು ಮೊದಲೇ ಹವಣಿಸಿ, ಕೆಲಸಕ್ಕೆ ಒಬ್ಬರು ಸಹಾಯಕರನ್ನು ಗೊತ್ತುಮಾಡಬೇಕು. ಹಿಂದಿರುಗಿದ ಮೇಲೆ ಮಕ್ಕಳು ಹಟಮಾರಿಗಳಾದರೆಂದೂ ಮಿಠಾಯಿ ತಿಂದರೆಂದೂ ದೂರಬಾರದು. ಆ ಹಾಸನದ ದಂಪತಿಗಳು ಮೈಸೂರಿನಿಂದ ತಂದ ವೀಳ್ಯದೆಲೆಯು ಅತ್ತೆಯವರಿಗೆ. ಅದಕ್ಕಿಂತ ದೊಡ್ಡ ಉಡುಗೊರೆಯೆಂದರೆ, ಮರುತಿಂಗಳು ಅವರನ್ನು ಅವರ ಅಕ್ಕನ ಮನೆಗೆ ಎಂಟು ದಿನ ಕಳುಹಿಸಿಕೊಟ್ಟದ್ದು.

ಅಜ್ಜಿಯಿಲ್ಲದ ಮನೆಗಳೂ ಉಂಟು. ಕೈಯಲ್ಲಿ ಕಾಸಿಲ್ಲದ ಮನೆಗಳೂ ಉಂಟು. ಅಂಥವರು ಮಗುವಿಗೆ ಗುರುತಿಲ್ಲದವರ ವಶದಲ್ಲಿ ಮಗುವನ್ನು ಬಿಟ್ಟು ಪರಊರಿಗೆ ಹೋಗುವುದಕ್ಕಿಂತ, ತಮ್ಮ ಊರಿನ ಕೆರೆಯ ಏರಿಯ ಮೇಲೆಯೇ ಒಂದು ಸಂಜೆ ಇಬ್ಬರೂ ನಡೆದು ಬಂದರೆ ಸಾಕು. ಎರಡು ಕುಟುಂಬಗಳು ಸ್ನೇಹದಿಂದ ಒಪ್ಪಂದ ಮಾಡಿಕೊಂಡು, ಈ ವಾರ ಅವರ ಮಕ್ಕಳು ಇಲ್ಲಿ, ಮುಂದಿನ ವಾರ ನಮ್ಮ ಮಕ್ಕಳು ಅಲ್ಲಿ ಎಂದು ನಡೆಸಿಕೊಳ್ಳುವುದೂ ಆಗತಕ್ಕದ್ದೇ. ಒಬ್ಬಂಟಿಯಾಗಿ ಮಕ್ಕಳನ್ನು ಸಾಕುತ್ತಿರುವ ತಾಯಿಗೋ ತಂದೆಗೋ ಬಿಡುವು ಇನ್ನೂ ಹೆಚ್ಚಾಗಿ ಬೇಕು. ಅಂಥವರು ಬಾಯಿ ಬಿಟ್ಟು ಕೇಳಲಾರರಾದುದರಿಂದ, ಅವರ ಮಕ್ಕಳನ್ನು ಒಂದು ದಿನ ನಾವು ನೋಡಿಕೊಳ್ಳುವೆವೆಂದು ಬಂಧುಮಿತ್ರರೇ ಮುಂದೆ ಬಂದು ಹೇಳಬೇಕು.

ಮಕ್ಕಳು ದೊಡ್ಡವರಾಗಿ ಒಂದು ದಿನ ತಮ್ಮ ದಾರಿ ಹಿಡಿದು ಹೋಗುವರು. ಆ ದಿನ ಮನೆಯಲ್ಲಿ ಉಳಿಯುವವರು ಮತ್ತೆ ಅವರಿಬ್ಬರೇ. ಇಪ್ಪತ್ತು ವರ್ಷ ಮಾತು ಮರೆತವರು ಆಗ ಒಮ್ಮೆಲೇ ಏನು ಮಾತನಾಡಿಯಾರು? ನಡುನಡುವೆ ಎರಡು ದಿನ ಅಭ್ಯಾಸವನ್ನಿಟ್ಟುಕೊಂಡವರಿಗೆ ಆ ಕಷ್ಟವಿಲ್ಲ. ಈ ತಿಂಗಳ ಪಂಚಾಂಗದಲ್ಲಿಯೇ ಒಂದು ಶನಿವಾರವನ್ನು ಗುರುತು ಮಾಡಿಟ್ಟು, ಅಜ್ಜಿಯ ಅನುಮತಿಯನ್ನು ಮೊದಲು ಪಡೆದು, ನಮ್ಮ ವಾಚಕ ದಂಪತಿಗಳು ಇದನ್ನು ಆಚರಣೆಗೆ ತಂದು ನೋಡಲಿ.